ಬೈಟ್ ಯಾವ ತುದಿಯಲ್ಲಿ ಕೂತಿದೆ?

ಇಥೀರಿಯಂ ಜಾಲಕ್ಕೆ ಸ್ಮಾರ್ಟ್ ಕಾಂಟ್ರಾಕ್ಟ್ ಬರೆಯುವ ಸಾಲಿಡಿಟಿ ಭಾಷೆಯ ಬಗ್ಗೆ ಪ್ರಶ್ನೆ ಕಳಿಸಿ ಎಂದು ಕೇಳಿದ್ದೆವು. ಬಂದ ಪತ್ರಗಳಲ್ಲಿ ಹೆಚ್ಚಿನವು ಬೈಟ್‌ಗಳ ಹತ್ತಿರವೇ ಬಂದು ನಿಂತಿವೆ. ಇದು ಸಹಜ. ಕಾಂಟ್ರಾಕ್ಟ್‌ಗಳನ್ನು ಓಡಿಸುವ ಇವಿಎಂ ಯಂತ್ರಕ್ಕೆ ಹೆಸರು, ಹಣ, ವಿಳಾಸ, ಸಹಿ ಎಂಬ ಭೇದವಿಲ್ಲ. ಅದು ಎಲ್ಲವನ್ನೂ 32 ಬೈಟ್‌ಗಳ ತುಂಡುಗಳಾಗಿ ಎತ್ತಿಕೊಂಡು ಕೆಲಸ ಮಾಡುತ್ತದೆ. ಯಾವ ಬೈಟ್ ಎಲ್ಲಿಂದ ಶುರು, ಎಲ್ಲಿಗೆ ಮುಗಿಯಿತು, ಅದಕ್ಕೇನು ಅರ್ಥ ಎಂಬುದನ್ನು ತಿಳಿದಿರಬೇಕಾದವರು ಕೋಡ್ ಬರೆಯುವವರು. ಆ ಲೆಕ್ಕ ತಪ್ಪಿದರೆ ಹೋಗುವುದು ಜನರ ದುಡ್ಡು. ಹಾಗಾಗಿ ಕೆಲವು ಪತ್ರಗಳಿಗೆ ಉದ್ದದ ಉತ್ತರವನ್ನೇ ಬರೆದಿದ್ದೇನೆ.

ಪ್ರಶ್ನೆ: ನಮಸ್ಕಾರ ಮೇಡಂ. ಬೈಟ್ಸ್, ಬೈಟ್ಸ್32, ಸ್ಟ್ರಿಂಗ್, ಬೈಟ್ಸ್1 ಅರೇ, ಈ ನಾಲ್ಕೂ ಬೈಟ್ ಇಡುವುದಕ್ಕೇ ಇರುವಂಥವು ಎಂದು ನಮ್ಮ ಮೇಷ್ಟ್ರು ಹೇಳಿದರು. ಹಾಗಿದ್ದರೆ ನಾಲ್ಕು ಯಾಕೆ ಬೇಕು? ಯಾವುದನ್ನು ಯಾವಾಗ ಬಳಸಲಿ?
ಎಂಜಿನಿಯರಿಂಗ್ ವಿದ್ಯಾರ್ಥಿನಿ, ಧಾರವಾಡ

ಉತ್ತರ: ಮೊದಲು ಅಳತೆ ಗೊತ್ತಿದೆಯೋ ಇಲ್ಲವೋ ಎಂದು ಕೇಳಿಕೊಳ್ಳಿ. ಗೊತ್ತಿದ್ದರೆ, ಅದು 32 ಬೈಟ್ ಒಳಗಿದ್ದರೆ, ಬೈಟ್ಸ್1ರಿಂದ ಬೈಟ್ಸ್32ರವರೆಗಿನ ಸ್ಥಿರ ಅಳತೆಯ ಟೈಪ್‌ಗಳಲ್ಲಿ ಒಂದನ್ನು ಆರಿಸಿ. ಹ್ಯಾಶ್‌ಗೆ ಬೈಟ್ಸ್32, ಫಂಕ್ಷನ್ ಸೆಲೆಕ್ಟರ್‌ಗೆ ಬೈಟ್ಸ್4. ಇವು ಸಂಖ್ಯೆಯ ಹಾಗೆಯೇ ನೇರ ಮೌಲ್ಯಗಳು. ಹೋಲಿಸಬಹುದು, ಮ್ಯಾಪಿಂಗ್‌ಗೆ ಕೀ ಮಾಡಬಹುದು, ಕಾಯಂ ದತ್ತಾಂಶ ಇಡುವ ಸ್ಟೋರೇಜ್‌ನಲ್ಲಿ 32 ಬೈಟ್‌ನ ಒಂದೇ ಸ್ಲಾಟ್‌ನಲ್ಲಿ ಮುಗಿಯುತ್ತದೆ. ಅಳತೆ ಮೊದಲೇ ಗೊತ್ತಿಲ್ಲದ ಕಚ್ಚಾ ದತ್ತಾಂಶಕ್ಕೆ ಬೈಟ್ಸ್. ಮನುಷ್ಯರು ಓದುವ ಪಠ್ಯವಾದರೆ ಸ್ಟ್ರಿಂಗ್. ಸ್ಟ್ರಿಂಗ್ ಒಳಗಡೆ ಬೈಟ್ಸ್‌ನ ಹಾಗೆಯೇ ಇದೆ, ಆದರೆ ಅದರ ಉದ್ದ ಕೇಳಲು, ನಡುವಿನ ಒಂದು ಬೈಟ್ ಮುಟ್ಟಲು ಸಾಲಿಡಿಟಿ ಬಿಡುವುದಿಲ್ಲ. ಬೇಕಾದರೆ ಅದನ್ನು ಬೈಟ್ಸ್ ಆಗಿ ಪರಿವರ್ತಿಸಿ ನೋಡಬೇಕು.

ನಾಲ್ಕನೆಯದನ್ನು, ಅಂದರೆ ಬೈಟ್ಸ್1 ಅರೇಯನ್ನು, ಹತ್ತಿರ ಸೇರಿಸಬೇಡಿ. ಮೆಮೊರಿಯಲ್ಲಿ ಅದರ ಪ್ರತಿ ಅಂಶವೂ 32 ಬೈಟ್ ಜಾಗ ತಿನ್ನುತ್ತದೆ. 100 ಬೈಟ್ ದತ್ತಾಂಶವನ್ನು ಬೈಟ್ಸ್‌ನಲ್ಲಿಟ್ಟರೆ ಉದ್ದ ಬರೆಯುವ 32 ಬೈಟ್ ಬಿಟ್ಟು 128 ಬೈಟ್ ಸಾಕು. ಅದನ್ನೇ ಬೈಟ್ಸ್1 ಅರೇಯಲ್ಲಿಟ್ಟರೆ 3,200 ಬೈಟ್. ಸ್ಟೋರೇಜ್‌ನಲ್ಲಿ ಈ ಪೋಲು ಇಲ್ಲ, ಅಲ್ಲಿ ಒತ್ತಾಗಿ ಕೂರುತ್ತವೆ. ಆದರೂ ಬೈಟ್ಸ್ ಮಾಡದ ಯಾವ ಕೆಲಸವನ್ನೂ ಅದು ಮಾಡಿಕೊಡುವುದಿಲ್ಲ.

ಇನ್ನೊಂದು ವಿಷಯ ನಿಮ್ಮ ಪತ್ರದಲ್ಲಿ ಇಲ್ಲದಿದ್ದರೂ ಹೇಳುತ್ತೇನೆ, ಏಕೆಂದರೆ ನನಗೆ ಬಹಳ ಇಷ್ಟವಾದ ಏರ್ಪಾಡು ಅದು. ಸ್ಟೋರೇಜ್‌ನಲ್ಲಿ ಬೈಟ್ಸ್ ಅಥವಾ ಸ್ಟ್ರಿಂಗ್ 31 ಬೈಟ್‌ವರೆಗೆ ಇದ್ದರೆ ದತ್ತಾಂಶವೂ ಉದ್ದವೂ ಒಂದೇ ಸ್ಲಾಟ್‌ನಲ್ಲಿ ಕೂರುತ್ತವೆ. ದತ್ತಾಂಶ ಎಡಗಡೆ, ಕೊನೆಯ ಬೈಟ್‌ನಲ್ಲಿ ಉದ್ದದ ಎರಡರಷ್ಟು. 32 ಬೈಟ್ ಮುಟ್ಟಿದ ಕೂಡಲೇ ಆ ಸ್ಲಾಟ್‌ನಲ್ಲಿ ಉದ್ದದ ಎರಡರಷ್ಟಕ್ಕೆ ಒಂದು ಕೂಡಿಸಿದ ಸಂಖ್ಯೆ ಮಾತ್ರ ಉಳಿಯುತ್ತದೆ, ದತ್ತಾಂಶವೆಲ್ಲ ಸ್ಲಾಟ್ ಸಂಖ್ಯೆಯ ಹ್ಯಾಶ್ ತೋರಿಸುವ ಜಾಗಕ್ಕೆ ಹೋಗುತ್ತದೆ. ಕೊನೆಯ ಬಿಟ್ ಸೊನ್ನೆಯಾದರೆ ಚಿಕ್ಕದು, ಒಂದಾದರೆ ದೊಡ್ಡದು. ಖಾಲಿ ಸ್ಲಾಟ್‌ಗೆ ಮೊದಲ ಸಲ ಬರೆಯಲು ಈಗ 22,100 ಗ್ಯಾಸ್ ಶುಲ್ಕ ಆಗುತ್ತದೆ. 31 ಮತ್ತು 32ರ ನಡುವಿನ ಆ ಒಂದು ಬೈಟ್‌ನಿಂದ ಖರ್ಚು ಎರಡು ಪಟ್ಟಾಗುತ್ತದೆ.

ಪ್ರಶ್ನೆ: ನಮ್ಮ ಗೆಳೆಯರ ತಂಡ ಊರುಗಳ ಹೆಸರನ್ನು ಕನ್ನಡದಲ್ಲೇ ಕಾಂಟ್ರಾಕ್ಟ್‌ನಲ್ಲಿ ಇಡಬೇಕೆಂದು ಹಟ ಹಿಡಿದಿದೆ. ಗ್ಯಾಸ್ ಉಳಿಸಲು ಬೈಟ್ಸ್32 ಬಳಸಿದೆವು. ಮೈಸೂರು, ಬೆಂಗಳೂರು ಸೇರುತ್ತವೆ, ಚಿಕ್ಕಮಗಳೂರು ಸೇರುವುದಿಲ್ಲ. ಕಂಪೈಲರ್ ಒಪ್ಪುವುದೇ ಇಲ್ಲ. ಇನ್ನೊಂದು ವಿಚಿತ್ರ: ಇಬ್ಬರು ಬೇರೆ ಬೇರೆ ಕಂಪ್ಯೂಟರ್‌ನಲ್ಲಿ ಶಿವಮೊಗ್ಗ ಎಂದು ಟೈಪ್ ಮಾಡಿ ಹ್ಯಾಶ್ ತೆಗೆದರೆ ಎರಡು ಬೇರೆ ಹ್ಯಾಶ್ ಬರುತ್ತಿವೆ. ಕಣ್ಣಿಗೆ ಎರಡೂ ಒಂದೇ.
ಸಾಫ್ಟ್‌ವೇರ್ ಉದ್ಯೋಗಿ, ಶಿವಮೊಗ್ಗ

ಉತ್ತರ: ನಿಮ್ಮ ಹಟ ಒಳ್ಳೆಯದು. ಕನ್ನಡದಲ್ಲಿ ಇಟ್ಟು ನೋಡಿದ್ದಕ್ಕೇ ಈ ಎರಡು ಪಾಠ ಸಿಕ್ಕಿತು. ಇಂಗ್ಲಿಷ್ ಹೆಸರುಗಳನ್ನಷ್ಟೇ ಬಳಸುವ ಎಷ್ಟೋ ತಂಡಗಳಿಗೆ ಇವು ಕಡೆಯವರೆಗೂ ಕಾಣುವುದಿಲ್ಲ.

ಮೊದಲು ಅಳತೆ. ಸ್ಟ್ರಿಂಗ್‌ಗಳು ಯುಟಿಎಫ್-8 ರೂಪದಲ್ಲಿರುತ್ತವೆ. ಅದರಲ್ಲಿ ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್, ಕನ್ನಡದ ಪ್ರತಿ ಯೂನಿಕೋಡ್ ಚಿಹ್ನೆಗೆ ಮೂರು. ಚಿಹ್ನೆ ಎಂದರೆ ನಾವು ಬಾಯಲ್ಲಿ ಹೇಳುವ ಅಕ್ಷರವಲ್ಲ. ಕ ಒಂದು ಚಿಹ್ನೆ, ಗುಣಿತದ ಗುರುತು ಒಂದು, ಒತ್ತಕ್ಷರ ಮಾಡುವ ಅರ್ಧಾಕ್ಷರದ ಗುರುತು ಇನ್ನೊಂದು. ಕನ್ನಡ ಎಂಬ ಪದದಲ್ಲಿ ಕ, ನ, ಅರ್ಧಾಕ್ಷರದ ಗುರುತು, ನ, ಡ ಎಂದು ಐದು ಚಿಹ್ನೆ, ಆದ್ದರಿಂದ 15 ಬೈಟ್. ಮೈಸೂರು ಆರು ಚಿಹ್ನೆ, 18 ಬೈಟ್. ಬೆಂಗಳೂರು ಎಂಟು ಚಿಹ್ನೆ, 24 ಬೈಟ್. ಚಿಕ್ಕಮಗಳೂರು ಹನ್ನೊಂದು ಚಿಹ್ನೆ, 33 ಬೈಟ್. ಒಂದೇ ಒಂದು ಬೈಟ್ ಹೆಚ್ಚಾಯಿತು.

ಕಂಪೈಲರ್ ತಡೆದದ್ದು ನಿಮ್ಮ ಪುಣ್ಯ. ಹೆಸರನ್ನು ಕೋಡ್‌ನಲ್ಲೇ ಬರೆದಿದ್ದರಿಂದ ಅದು ಅಳೆದು ನೋಡಿತು. ಅದೇ ಹೆಸರು ಬಳಕೆದಾರರಿಂದ ಸ್ಟ್ರಿಂಗ್ ಆಗಿ ಬಂದು, ನೀವು ಅದನ್ನು ಬೈಟ್ಸ್ ಮಾಡಿ ಅಲ್ಲಿಂದ ಬೈಟ್ಸ್32 ಮಾಡಿದ್ದರೆ? ಈ ಪರಿವರ್ತನೆ ಸಾಲಿಡಿಟಿ 0.8.5ರಿಂದ ಇದೆ, ಮತ್ತು ಉದ್ದ ಹೆಚ್ಚಾದರೆ ಸದ್ದಿಲ್ಲದೆ ಕತ್ತರಿಸುತ್ತದೆ. ಕೊನೆಯ ಉಕಾರದ ಮೂರು ಬೈಟ್‌ಗಳಲ್ಲಿ ಎರಡು ಉಳಿದು ಒಂದು ಹೋಗುತ್ತದೆ. ಆ ತುಣುಕು ಯಾವ ಅಕ್ಷರವೂ ಅಲ್ಲ, ಪರದೆಯ ಮೇಲೆ ಪ್ರಶ್ನೆ ಚಿಹ್ನೆಯ ಚೌಕ ಬರುತ್ತದೆ. ಆದ್ದರಿಂದ ಹೀಗೆ ಪರಿವರ್ತಿಸುವ ಮೊದಲು ಉದ್ದ 32 ಮೀರಿಲ್ಲ ಎಂದು ರಿಕ್ವೈರ್ ಹಾಕಿ ಖಚಿತಪಡಿಸಿಕೊಳ್ಳಲೇಬೇಕು. ಅಂದ ಹಾಗೆ, ಕೋಡ್‌ನೊಳಗೆ ಕನ್ನಡ ಪಠ್ಯ ಬರೆಯುವಾಗ ಉದ್ಧರಣ ಚಿಹ್ನೆಯ ಮುಂದೆ ಯೂನಿಕೋಡ್ ಎಂಬ ಗುರುತು ಪದ ಹಾಕಬೇಕು. 0.7.0ರಿಂದ ಇದು ಕಡ್ಡಾಯ.

ಈಗ ಶಿವಮೊಗ್ಗ. ತೊಂದರೆ ಇರುವುದು ಮೊ ಎಂಬಲ್ಲಿ. ಯೂನಿಕೋಡ್‌ನಲ್ಲಿ ಒಕಾರದ ಗುರುತನ್ನು ಒಂದೇ ಚಿಹ್ನೆಯಾಗಿಯೂ ಬರೆಯಬಹುದು, ಎಕಾರ ಮತ್ತು ಊಕಾರದ ಗುರುತುಗಳನ್ನು ಒಂದರ ಹಿಂದೆ ಒಂದು ಇಟ್ಟೂ ಬರೆಯಬಹುದು. ಎರಡೂ ಸಮಾನ ಎಂದೇ ಯೂನಿಕೋಡ್ ಹೇಳುತ್ತದೆ, ಪರದೆಯ ಮೇಲೆ ಎರಡೂ ಒಂದೇ ಥರ ಮೂಡುತ್ತವೆ. ಬೈಟ್‌ಗಳು ಮಾತ್ರ ಬೇರೆ. ಮೊದಲ ರೀತಿಯಲ್ಲಿ ಶಿವಮೊಗ್ಗ 24 ಬೈಟ್, ಎರಡನೆಯದರಲ್ಲಿ 27. ಹ್ಯಾಶ್ ನೋಡುವುದು ಬೈಟ್‌ಗಳನ್ನು, ಆಕಾರವನ್ನಲ್ಲ. ಓ, ಈ, ಏ, ಐ ಕಾರಗಳಲ್ಲೂ ಇದೇ ಕಥೆ. ನಿಮ್ಮ ಮೈಸೂರಿನಲ್ಲೂ ಇದು ಅಡಗಿ ಕೂತಿದೆ, ಇನ್ನೂ ಹೊರಬಂದಿಲ್ಲ ಅಷ್ಟೆ.

ಇನ್ನೂ ಒಂದಿದೆ. ಪದದ ಕೊನೆಯಲ್ಲಿ ಅರ್ಧಾಕ್ಷರ ಬಂದಾಗ, ಪಾರ್ಕ್, ಕುಮಾರ್ ಇಂಥವುಗಳಲ್ಲಿ, ಕೆಲವು ಟೈಪಿಂಗ್ ತಂತ್ರಾಂಶಗಳು ಹಿಂದೆ ಒಂದು ಅಗೋಚರ ಚಿಹ್ನೆಯನ್ನು ಸೇರಿಸಿಬಿಡುತ್ತವೆ. ಒತ್ತಕ್ಷರ ಆಗದಂತೆ ತಡೆಯುವ ಸೊನ್ನೆ ಅಗಲದ ಚಿಹ್ನೆ ಅದು. ಅದಕ್ಕೂ ಮೂರು ಬೈಟ್. ಕಣ್ಣಿಗೆ ಏನೇನೂ ಕಾಣುವುದಿಲ್ಲ.

ಇದನ್ನು ಕಾಂಟ್ರಾಕ್ಟ್ ಒಳಗೆ ಸರಿಪಡಿಸಲು ಹೋಗಬೇಡಿ. ಅದಕ್ಕೆ ಬೇಕಾದ ಕೋಷ್ಟಕಗಳು ದೊಡ್ಡವು, ಗ್ಯಾಸ್ ಸುರಿದುಹೋಗುತ್ತದೆ. ಪಠ್ಯ ಕಾಂಟ್ರಾಕ್ಟ್‌ಗೆ ಹೋಗುವ ಮೊದಲೇ, ನಿಮ್ಮ ವೆಬ್ ಪುಟದ ಜಾವಾಸ್ಕ್ರಿಪ್ಟ್‌ನಲ್ಲಿ, ನಾರ್ಮಲೈಸ್ ಎಂಬ ಫಂಕ್ಷನ್‌ನಿಂದ ಎನ್‌ಎಫ್‌ಸಿ ರೂಪಕ್ಕೆ ತನ್ನಿ, ಪದದ ಕೊನೆಯ ಅಗೋಚರ ಚಿಹ್ನೆ ತೆಗೆಯಿರಿ. ಹ್ಯಾಶ್ ಪರಿಶೀಲಿಸುವ ಕಡೆಯೂ ಇದೇ ಎರಡು ಕೆಲಸ ಇದೇ ಕ್ರಮದಲ್ಲಿ ಆಗಬೇಕು.

ನನ್ನನ್ನು ಕೇಳಿದರೆ ಊರಿನ ಹೆಸರನ್ನು ಗುರುತಿನ ಕೀ ಆಗಿ ಬಳಸಲೇಬಾರದು. ಜಿಲ್ಲಾ ಕೇಂದ್ರಗಳಷ್ಟೇ ಬೇಕಾದರೆ, ಕರ್ನಾಟಕದಲ್ಲಿರುವುದು 31 ಜಿಲ್ಲೆ. ಒಂದು ಬೈಟ್‌ನ ಸಂಖ್ಯೆಯಲ್ಲಿ 256 ಬೆಲೆ ಹಿಡಿಯುತ್ತವೆ. ಕಾಂಟ್ರಾಕ್ಟ್‌ನಲ್ಲಿ ಸಂಖ್ಯೆ ಇರಲಿ, ಅದನ್ನು ಅಂದವಾದ ಕನ್ನಡದಲ್ಲಿ ತೋರಿಸುವ ಕೆಲಸ ವೆಬ್ ಪುಟದ್ದಾಗಲಿ. ಆಗ ಚಿಕ್ಕಮಗಳೂರೂ ಸೇರುತ್ತದೆ.

ಪ್ರಶ್ನೆ: ನಾವು ಹ್ಯಾಶ್ ಅನ್ನು ಸೊನ್ನೆ-ಎಕ್ಸ್‌ನಿಂದ ಶುರುವಾಗುವ 66 ಅಕ್ಷರದ ಸ್ಟ್ರಿಂಗ್ ಆಗಿ ಇಡುತ್ತಿದ್ದೇವೆ. ತಪ್ಪೇ?
ಓದುಗರು, ಹುಬ್ಬಳ್ಳಿ

ಉತ್ತರ: ತಪ್ಪು ಉತ್ತರ ಬರುವುದಿಲ್ಲ, ಆದರೆ ನಾಲ್ಕು ಪಟ್ಟು ದುಡ್ಡು ಹೋಗುತ್ತದೆ. ಆ 66 ಅಕ್ಷರ ಒಂದು ಹ್ಯಾಶ್‌ನ ಚಿತ್ರ ಮಾತ್ರ. ನಿಜವಾದ ಹ್ಯಾಶ್ 32 ಬೈಟ್. ಸ್ಟ್ರಿಂಗ್ ಆದರೆ ಉದ್ದಕ್ಕೆ ಒಂದು ಸ್ಲಾಟ್, ದತ್ತಾಂಶಕ್ಕೆ ಮೂರು, ಒಟ್ಟು 88,400 ಗ್ಯಾಸ್. ಬೈಟ್ಸ್32 ಆದರೆ 22,100. ಕ್ಯುಎಂ ಎಂದು ಶುರುವಾಗುವ ಹಳೆಯ ಮಾದರಿಯ ಐಪಿಎಫ್‌ಎಸ್ ಗುರುತುಗಳಿಗೂ ಇದು ಅನ್ವಯ. ನೋಡಲು 46 ಅಕ್ಷರ, ಬಿಡಿಸಿದರೆ 34 ಬೈಟ್. ಅದರಲ್ಲಿ ಮೊದಲ ಎರಡು ಬೈಟ್ ಯಾವ ಹ್ಯಾಶ್, ಎಷ್ಟು ಉದ್ದ ಎಂದು ಹೇಳುವ ಸ್ಥಿರ ಗುರುತು. ಅವನ್ನು ಬಿಟ್ಟು ಉಳಿದ 32 ಬೈಟ್ ಇಟ್ಟರೆ ಸಾಕು, ಓದುವಾಗ ಮತ್ತೆ ಸೇರಿಸಿಕೊಳ್ಳಬಹುದು.

ಪ್ರಶ್ನೆ: ಬೈಟ್ಸ್32 ಆಗಿ ಬಂದ ದತ್ತಾಂಶದಿಂದ ವಿಳಾಸ ತೆಗೆಯುತ್ತಿದ್ದೇನೆ. ಅದನ್ನು ಬೈಟ್ಸ್20 ಮಾಡಿ ಅಡ್ರೆಸ್‌ಗೆ ಪರಿವರ್ತಿಸಿದರೆ ಆರಂಭದಲ್ಲಿ 24 ಸೊನ್ನೆ, ಆಮೇಲೆ ನನ್ನ ವಿಳಾಸದ ಮೊದಲ ಭಾಗ ಮಾತ್ರ ಬರುತ್ತದೆ. ಪರೀಕ್ಷಾ ಜಾಲದಲ್ಲೇ ಇದ್ದೇನೆ, ಇನ್ನೂ ನಿಜವಾದ ಹಣ ಹಾಕಿಲ್ಲ.
ಎಂಜಿನಿಯರ್, ಸಿಂಗಪುರ

ಉತ್ತರ: ನಿಜವಾದ ಹಣ ಹಾಕದೆ ಕಾದದ್ದು ಒಳ್ಳೆಯದಾಯಿತು. ಆ ವಿಳಾಸಕ್ಕೆ ಯಾರ ಬಳಿಯೂ ಕೀಲಿ ಇಲ್ಲ. ಅಲ್ಲಿಗೆ ಹೋದ ಹಣ ಹೋದಂತೆಯೇ.

ಈ ಅಂಕಣದ ತಲೆಬರಹ ಹುಟ್ಟಿದ್ದು ನಿಮ್ಮ ಪತ್ರದಿಂದ. ಅಂಗಡಿಯ ಲೆಕ್ಕದ ಪುಸ್ತಕದಲ್ಲಿ ಹೆಸರನ್ನು ಎಡ ಅಂಚಿನಿಂದ ಬರೆಯುತ್ತೇವೆ, ಮೊತ್ತವನ್ನು ಬಲ ಅಂಚಿಗೆ ಹೊಂದಿಸಿ ಬರೆಯುತ್ತೇವೆ. ಇವಿಎಂನ 32 ಬೈಟ್‌ಗಳಲ್ಲೂ ಹಾಗೆಯೇ. ಬೈಟ್ಸ್ ಕುಟುಂಬದ ಸ್ಥಿರ ಟೈಪ್‌ಗಳು ಎಡಕ್ಕೆ ಅಂಟಿ ಕೂರುತ್ತವೆ, ಬಲಗಡೆ ಸೊನ್ನೆ ತುಂಬಿರುತ್ತದೆ. ಸಂಖ್ಯೆಗಳು ಬಲಕ್ಕೆ ಅಂಟಿ ಕೂರುತ್ತವೆ, ಸೊನ್ನೆ ಎಡಗಡೆ. ವಿಳಾಸ 20 ಬೈಟ್ ಇದ್ದರೂ ಈ ವಿಷಯದಲ್ಲಿ ಸಂಖ್ಯೆಯ ಪಂಗಡಕ್ಕೆ ಸೇರಿದ್ದು. ಅದು 32 ಬೈಟ್‌ಗಳ ಬಲ ತುದಿಯಲ್ಲಿರುತ್ತದೆ, ಎಡಕ್ಕೆ 12 ಸೊನ್ನೆ ಬೈಟ್. ನೀವು ಬೈಟ್ಸ್20 ಎಂದಾಗ ಸಾಲಿಡಿಟಿ ಎಡದ 20 ಬೈಟ್ ಎತ್ತಿಕೊಂಡಿತು: 12 ಸೊನ್ನೆ, ಮತ್ತು ವಿಳಾಸದ ಮೊದಲ ಎಂಟು ಬೈಟ್. ಒಂದು ಬೈಟ್‌ಗೆ ಎರಡು ಹೆಕ್ಸ್ ಅಂಕಿ ಆದ್ದರಿಂದ ನಿಮಗೆ ಕಂಡದ್ದು 24 ಸೊನ್ನೆ.

ಸರಿಯಾದ ದಾರಿ: ಬೈಟ್ಸ್32ನ್ನು ಮೊದಲು ಯುಇಂಟ್256 ಮಾಡಿ, ಅದನ್ನು ಯುಇಂಟ್160 ಮಾಡಿ, ಆಮೇಲೆ ಅಡ್ರೆಸ್ ಮಾಡಿ. ಸಂಖ್ಯೆಯನ್ನು ಕಿರಿದುಗೊಳಿಸಿದರೆ ಎಡದ ಬೈಟ್‌ಗಳು ಬೀಳುತ್ತವೆ, ಬಲದ 20 ಉಳಿಯುತ್ತವೆ. ಹಾಗೆ ಮಾಡುವ ಮೊದಲು ಎಡದ 12 ಬೈಟ್ ನಿಜಕ್ಕೂ ಸೊನ್ನೆಯೇ ಎಂದು ಪರಿಶೀಲಿಸಿ. ಅಲ್ಲದಿದ್ದರೆ ಕಸವನ್ನು ವಿಳಾಸವೆಂದು ಒಪ್ಪಿಕೊಂಡಂತೆ.

ಅಗಲಿಸುವಾಗಲೂ ಇದೇ ನಿಯಮ. ಹೆಕ್ಸ್ 12 ಎಂಬ ಬೈಟ್ಸ್1, ಬೈಟ್ಸ್2 ಆದಾಗ 1200 ಆಗುತ್ತದೆ. ಅದೇ 12 ಎಂಟು ಬಿಟ್‌ನ ಸಂಖ್ಯೆಯಾಗಿದ್ದು ಹದಿನಾರು ಬಿಟ್‌ಗೆ ಅಗಲಿಸಿದರೆ 0012. ಈ ಗೊಂದಲದಿಂದ ಜನ ಬಿದ್ದದ್ದನ್ನು ನೋಡಿಯೇ 2018ರ ನವೆಂಬರ್‌ನಲ್ಲಿ ಬಂದ 0.5.0 ಆವೃತ್ತಿ ಅಳತೆ ಬೇರೆಯಾದ ಬೈಟ್ಸ್ ಮತ್ತು ಸಂಖ್ಯೆಗಳ ನಡುವಿನ ನೇರ ಪರಿವರ್ತನೆಯನ್ನು ನಿಷೇಧಿಸಿತು. ಎರಡು ಹೆಜ್ಜೆಯಲ್ಲಿ ಮಾಡಿ ಎಂದು ಕಂಪೈಲರ್ ಹಟ ಹಿಡಿಯುವುದು ಅದಕ್ಕೇ. ಮೊದಲು ಅಳತೆ ಬದಲಿಸುತ್ತೀರೋ ಪಂಗಡ ಬದಲಿಸುತ್ತೀರೋ ಎಂಬುದರ ಮೇಲೆ ಉತ್ತರವೇ ಬೇರೆಯಾಗುತ್ತದೆ.

ಪ್ರಶ್ನೆ: ನಮ್ಮ ಕೋಡ್ ಪರಿಶೀಲಿಸಿದವರು ಎಬಿಐ ಎನ್‌ಕೋಡ್‌ಪ್ಯಾಕ್ಡ್ ಬಳಸಿದ ಕಡೆಯೆಲ್ಲ ಕೆಂಪು ಗುರುತು ಹಾಕಿದ್ದಾರೆ. ಪ್ಯಾಕ್ ಮಾಡಿದರೆ ಗ್ಯಾಸ್ ಉಳಿಯುತ್ತದಲ್ಲವೇ?
ಡೆವಲಪರ್, ಬೆಂಗಳೂರು

ಉತ್ತರ: ಎಷ್ಟು ಉಳಿಯುತ್ತದೆ ಎಂದು ಲೆಕ್ಕ ಹಾಕೋಣ. ರಾಮ, ನಗರ ಎಂಬ ಎರಡು ಸ್ಟ್ರಿಂಗ್ ತೆಗೆದುಕೊಳ್ಳಿ. ಎನ್‌ಕೋಡ್‌ಪ್ಯಾಕ್ಡ್ ಇವನ್ನು ಬರಿದೇ ಅಂಟಿಸಿ 18 ಬೈಟ್ ಕೊಡುತ್ತದೆ. ಮಾಮೂಲಿ ಎಬಿಐ ಎನ್‌ಕೋಡ್ ಯಾವುದು ಎಲ್ಲಿ ಶುರು, ಎಷ್ಟು ಉದ್ದ ಎಂಬ ವಿವರವನ್ನೆಲ್ಲ ಸೇರಿಸಿ 192 ಬೈಟ್ ಕೊಡುತ್ತದೆ. ಕೆಕ್ಯಾಕ್256 ಹ್ಯಾಶ್‌ಗೆ 30 ಗ್ಯಾಸ್, ಜೊತೆಗೆ ಪ್ರತಿ 32 ಬೈಟ್‌ಗೆ 6. ಮೊದಲನೆಯದಕ್ಕೆ 36, ಎರಡನೆಯದಕ್ಕೆ 66. ಹ್ಯಾಶ್‌ನಲ್ಲಿ ಉಳಿದದ್ದು 30 ಗ್ಯಾಸ್, ಮೆಮೊರಿಯಲ್ಲಿ ಇನ್ನಷ್ಟು ಚಿಲ್ಲರೆ.

ಕಳೆದುಕೊಂಡದ್ದು ಗಡಿ. ರಾಮನ, ಗರ ಎಂಬ ಎರಡು ಸ್ಟ್ರಿಂಗ್ ಪ್ಯಾಕ್ ಮಾಡಿದರೂ ಅದೇ 18 ಬೈಟ್, ಅದೇ ಹ್ಯಾಶ್. ಇದು ಬರೀ ಕುತೂಹಲದ ವಿಷಯವಲ್ಲ. ಒಂದು ಕಾಂಟ್ರಾಕ್ಟ್ ಆಡಳಿತಗಾರರ ವಿಳಾಸಗಳ ಅರೇ, ಸಾಮಾನ್ಯ ಬಳಕೆದಾರರ ವಿಳಾಸಗಳ ಅರೇ, ಎರಡನ್ನೂ ಪ್ಯಾಕ್ ಮಾಡಿ ಹ್ಯಾಶ್ ತೆಗೆದು ಮಾಲೀಕರ ಸಹಿ ನೋಡುತ್ತದೆ ಎಂದುಕೊಳ್ಳಿ. ಪ್ಯಾಕ್ ಮಾಡಿದಾಗ ಅರೇಗಳ ಉದ್ದ ಸೇರುವುದಿಲ್ಲ. ಒಬ್ಬ ಆಡಳಿತಗಾರ, ಒಬ್ಬ ಸಾಮಾನ್ಯ ಬಳಕೆದಾರ ಎಂದು ಮಾಲೀಕರು ಹಾಕಿದ ಸಹಿಯನ್ನೇ ತಂದು, ಇಬ್ಬರನ್ನೂ ಮೊದಲ ಅರೇಗೆ ಹಾಕಿ, ಎರಡನೆಯದನ್ನು ಖಾಲಿ ಬಿಟ್ಟರೆ ಹ್ಯಾಶ್ ಬದಲಾಗುವುದಿಲ್ಲ. ಸಹಿ ಸರಿ ಎಂದು ಕಾಂಟ್ರಾಕ್ಟ್ ಒಪ್ಪುತ್ತದೆ, ಸಾಮಾನ್ಯ ಬಳಕೆದಾರ ಆಡಳಿತಗಾರನಾಗುತ್ತಾನೆ.

ಎಲ್ಲವೂ ಸ್ಥಿರ ಅಳತೆಯ ಟೈಪ್‌ಗಳಾಗಿದ್ದರೆ, ಅಥವಾ ಉದ್ದ ಬದಲಾಗುವಂಥದ್ದು ಒಂದೇ ಇದ್ದರೆ, ಪ್ಯಾಕ್ ಮಾಡುವುದರಿಂದ ಈ ಅಪಾಯವಿಲ್ಲ. ಆದರೂ ನಾಳೆ ಯಾರೋ ಇನ್ನೊಂದು ಸ್ಟ್ರಿಂಗ್ ಸೇರಿಸುತ್ತಾರೆ. ಹ್ಯಾಶ್‌ಗೆ ಎಬಿಐ ಎನ್‌ಕೋಡ್ ಬಳಸಿ. ಬರೀ ಜೋಡಿಸುವುದಷ್ಟೇ ಉದ್ದೇಶವಾದರೆ 0.8.4ರಿಂದ ಬೈಟ್ಸ್‌ಗೂ 0.8.12ರಿಂದ ಸ್ಟ್ರಿಂಗ್‌ಗೂ ಕಾನ್‌ಕ್ಯಾಟ್ ಇದೆ. ಓದುವವರಿಗೆ ನಿಮ್ಮ ಉದ್ದೇಶವೂ ಸ್ಪಷ್ಟವಾಗುತ್ತದೆ. ಆ ಕೆಂಪು ಗುರುತುಗಳಿಗಾಗಿ ಪರಿಶೀಲಕರಿಗೆ ಕೃತಜ್ಞತೆ ಹೇಳಿ.

ಪ್ರಶ್ನೆ: ಪೈಥಾನ್‌ನಲ್ಲಿ ಶಾ3-256 ಹ್ಯಾಶ್ ತೆಗೆದರೆ ಸಾಲಿಡಿಟಿಯ ಕೆಕ್ಯಾಕ್256 ಜೊತೆ ಹೊಂದುವುದೇ ಇಲ್ಲ. ಬೈಟ್ ಬೈಟ್ ಹೋಲಿಸಿದ್ದೇನೆ, ಕೊಟ್ಟ ದತ್ತಾಂಶ ಒಂದೇ.
ವಿದ್ಯಾರ್ಥಿ, ಬೆಳಗಾವಿ

ಉತ್ತರ: ಅವು ಎರಡು ಬೇರೆ ಹ್ಯಾಶ್‌ಗಳು. ಇಥೀರಿಯಂ ಮೂಲ ಕೆಕ್ಯಾಕ್ ಅನ್ನು ಆರಿಸಿಕೊಂಡಿತು. ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ ಅದನ್ನೇ ಆಧರಿಸಿ 2015ರ ಆಗಸ್ಟ್‌ನಲ್ಲಿ ಶಾ3 ಪ್ರಕಟಿಸಿದಾಗ ಕೊನೆಗೆ ಸೇರಿಸುವ ಪ್ಯಾಡಿಂಗ್ ಬಿಟ್‌ಗಳು ಬದಲಾಗಿದ್ದವು. ಹೊಂದಿಸಿದ್ದು ಸರಿಯೇ ಎಂದು ತಿಳಿಯಲು ಖಾಲಿ ದತ್ತಾಂಶ ಕೊಟ್ಟು ನೋಡಿ. ಉತ್ತರ ಸಿ5ಡಿ2 ಎಂದು ಶುರುವಾದರೆ ಕೆಕ್ಯಾಕ್, ಎ7ಎಫ್‌ಎಫ್ ಎಂದು ಶುರುವಾದರೆ ಶಾ3. ಪೈಥಾನ್‌ನಲ್ಲಿ ಕೆಕ್ಯಾಕ್‌ಗೆ ಪ್ರತ್ಯೇಕ ಲೈಬ್ರರಿ ಬೇಕು.

ಪ್ರಶ್ನೆ: ನಮ್ಮ ಕಾಲೇಜಿನ ಅಂಕಪಟ್ಟಿಗಳನ್ನು ಯಾರೂ ನಕಲು ಮಾಡದಂತೆ ಪ್ರತಿ ವಿದ್ಯಾರ್ಥಿಯ ಮೊಬೈಲ್ ಸಂಖ್ಯೆ ಮತ್ತು ನೋಂದಣಿ ಸಂಖ್ಯೆಗಳ ಹ್ಯಾಶ್ ಅನ್ನು ಬೈಟ್ಸ್32 ಆಗಿ ಸ್ಟೋರೇಜ್‌ನಲ್ಲಿ ಇಡುವ ಯೋಜನೆಯಿದೆ. ವೇರಿಯಬಲ್‌ಗೆ ಪ್ರೈವೇಟ್ ಎಂದೂ ಹಾಕಿದ್ದೇವೆ. ಸಾವಿರ ವಿದ್ಯಾರ್ಥಿಗಳಿದ್ದಾರೆ, ಖರ್ಚು ಹೆಚ್ಚೆನಿಸುತ್ತಿದೆ.
ಉಪನ್ಯಾಸಕರು, ತುಮಕೂರು

ಉತ್ತರ: ಖರ್ಚಿನ ಮಾತು ಆಮೇಲೆ. ದಯವಿಟ್ಟು ಈ ಯೋಜನೆಯನ್ನು ಈಗಿರುವ ರೂಪದಲ್ಲಿ ಜಾರಿಗೆ ತರಬೇಡಿ.

ಪ್ರೈವೇಟ್ ಎಂದರೆ ಬೇರೆ ಕಾಂಟ್ರಾಕ್ಟ್‌ಗಳು ಅದನ್ನು ನೇರವಾಗಿ ಓದಲಾರವು ಎಂದಷ್ಟೇ ಅರ್ಥ. ಸ್ಟೋರೇಜ್‌ನ ಪ್ರತಿ ಸ್ಲಾಟ್ ಜಗತ್ತಿಗೆ ಬಟಾಬಯಲು. ನೋಡ್‌ಗೆ ಒಂದು ಕರೆ ಮಾಡಿದರೆ ಯಾರಾದರೂ ಓದಬಹುದು.

ಹ್ಯಾಶ್ ಆಗಿದೆಯಲ್ಲ ಎನ್ನುತ್ತೀರಿ. ಹ್ಯಾಶ್‌ನಿಂದ ಹಿಂದಕ್ಕೆ ಹೋಗಲು ಸಾಧ್ಯವಿಲ್ಲ ನಿಜ, ಆದರೆ ಸಾಧ್ಯವಿರುವ ಎಲ್ಲವನ್ನೂ ಹ್ಯಾಶ್ ಮಾಡಿ ಹೋಲಿಸಬಹುದು. ಭಾರತದ ಮೊಬೈಲ್ ಸಂಖ್ಯೆ ಹತ್ತು ಅಂಕಿ, ಮೊದಲನೆಯದು 6ರಿಂದ 9. ಒಟ್ಟು 400 ಕೋಟಿ ಸಾಧ್ಯತೆ. ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಇರುವ ಒಂದು ಕಂಪ್ಯೂಟರ್‌ಗೆ ಅದು ನಿಮಿಷಗಳ ಕೆಲಸ. ನೋಂದಣಿ ಸಂಖ್ಯೆಗಳಂತೂ ಕಾಲೇಜು, ವರ್ಷ, ವಿಭಾಗ ಎಂದು ಕ್ರಮವಾಗಿ ಬರುತ್ತವೆ, ಊಹಿಸುವುದು ಇನ್ನೂ ಸುಲಭ. ಎರಡನ್ನೂ ಸೇರಿಸಿದರೂ ನಿಮ್ಮ ಕಾಲೇಜಿನವರ ಮಟ್ಟಿಗೆ ಆ ಗೋಡೆ ಬಹಳ ಎತ್ತರವೇನಲ್ಲ. ಆಧಾರ್ ಸಂಖ್ಯೆ ಸೇರಿಸುವ ಯೋಚನೆ ಬಂದರೆ ಅಲ್ಲೇ ಬಿಟ್ಟುಬಿಡಿ. ಒಮ್ಮೆ ಬರೆದದ್ದನ್ನು ಇಥೀರಿಯಂನ ಇತಿಹಾಸದಿಂದ ಅಳಿಸಲಾಗದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ತಮ್ಮ ದತ್ತಾಂಶ ಅಳಿಸಿ ಎಂದು ಕೇಳುವ ಹಕ್ಕನ್ನು ಜನರಿಗೆ ಕೊಟ್ಟಿದೆ. ವಿದ್ಯಾರ್ಥಿಯೊಬ್ಬಳು ನಾಳೆ ಬಂದು ಹಾಗೆ ಕೇಳಿದರೆ ಅವಳಿಗೆ ಏನು ಉತ್ತರ ಕೊಡುತ್ತೀರಿ?

ಹೀಗೆ ಮಾಡಿ. ಪ್ರತಿ ಅಂಕಪಟ್ಟಿಗೂ ಕಂಪ್ಯೂಟರ್‌ನಿಂದ ಊಹೆಗೆ ನಿಲುಕದ 32 ಬೈಟ್ ಯಾದೃಚ್ಛಿಕ ದತ್ತಾಂಶ ತೆಗೆಯಿರಿ, ಇದನ್ನು ಸಾಲ್ಟ್ ಎನ್ನುತ್ತಾರೆ. ಸಾಲ್ಟ್ ಮತ್ತು ಅಂಕಪಟ್ಟಿಯ ವಿವರವನ್ನು ಸೇರಿಸಿ ಎಬಿಐ ಎನ್‌ಕೋಡ್ ಮಾಡಿ ಹ್ಯಾಶ್ ತೆಗೆಯಿರಿ. ಸಾಲ್ಟ್ ವಿದ್ಯಾರ್ಥಿಯ ಬಳಿಯೇ ಇರಲಿ, ಅಂಕಪಟ್ಟಿಯ ಕ್ಯುಆರ್ ಕೋಡ್‌ನಲ್ಲಿ ಇಡಬಹುದು. ಅದು ಇಲ್ಲದವರಿಗೆ ಹ್ಯಾಶ್‌ನಿಂದ ಏನೂ ಸಿಗುವುದಿಲ್ಲ. ಮೊಬೈಲ್ ಸಂಖ್ಯೆಯಂತೂ ಅಂಕಪಟ್ಟಿಯ ಅಸಲಿತನಕ್ಕೆ ಬೇಕೇ ಇಲ್ಲ.

ಈಗ ಖರ್ಚು. ಸಾವಿರ ಹ್ಯಾಶ್‌ಗಳನ್ನು ಬೇರೆ ಬೇರೆ ಸ್ಲಾಟ್‌ನಲ್ಲಿ ಇಟ್ಟರೆ ಬರೀ ಬರವಣಿಗೆಗೇ 2,21,00,000 ಗ್ಯಾಸ್. ಅದರ ಬದಲು ಆ ಸಾವಿರವನ್ನೂ ಮರ್ಕಲ್ ಮರವಾಗಿ ಕಟ್ಟಿ. ಎರಡೆರಡು ಹ್ಯಾಶ್ ಸೇರಿಸಿ ಮತ್ತೆ ಹ್ಯಾಶ್ ಮಾಡುತ್ತ ಮೇಲೆ ಹೋದರೆ ಕೊನೆಗೆ ಒಂದೇ ಬೈಟ್ಸ್32 ಉಳಿಯುತ್ತದೆ. ಕಾಂಟ್ರಾಕ್ಟ್‌ನಲ್ಲಿ ಅದೊಂದೇ ಸಾಕು, 22,100. ಪ್ರತಿ ವಿದ್ಯಾರ್ಥಿಯೂ ತನ್ನ ಪುರಾವೆಯಾಗಿ ಹತ್ತು ಹ್ಯಾಶ್, ಅಂದರೆ 320 ಬೈಟ್ ಇಟ್ಟುಕೊಂಡರೆ ಆಯಿತು. ಒಂದು ಎಚ್ಚರಿಕೆ: ಎಲೆಯ, ಅಂದರೆ ಮರದ ತಳದ ಸಾಲಿನ ಒಂದೊಂದು ಹ್ಯಾಶ್‌ನ, ದತ್ತಾಂಶ ಸರಿಯಾಗಿ 64 ಬೈಟ್ ಇರದಂತೆ ನೋಡಿಕೊಳ್ಳಿ. ಮರದ ನಡುವಿನ ಗಂಟುಗಳು ಎರಡು ಹ್ಯಾಶ್ ಸೇರಿದ 64 ಬೈಟ್‌ನಿಂದಲೇ ಆಗುವುದರಿಂದ, ಗಂಟನ್ನೇ ಎಲೆ ಎಂದು ತೋರಿಸಿ ಮೋಸ ಮಾಡಬಹುದು. ಎಲೆಯನ್ನು ಎರಡು ಸಲ ಹ್ಯಾಶ್ ಮಾಡುವ ರೂಢಿ ಬಂದದ್ದು ಇದಕ್ಕೇ.

ಪ್ರಶ್ನೆ: ಎಂಕೆಆರ್ ಟೋಕನ್‌ನ ಸಿಂಬಲ್ ಓದಲು ಹೋದರೆ ನನ್ನ ಪ್ರೋಗ್ರಾಂ ದೋಷ ತೋರಿಸುತ್ತದೆ. ಬೇರೆ ಟೋಕನ್‌ಗಳು ಸರಿ ಇವೆ.
ಓದುಗರು, ದಾವಣಗೆರೆ

ಉತ್ತರ: ಎಂಕೆಆರ್ ಹಳೆಯ ಕಾಂಟ್ರಾಕ್ಟ್. ಅದರ ಹೆಸರು ಮತ್ತು ಸಿಂಬಲ್ ಸ್ಟ್ರಿಂಗ್ ಅಲ್ಲ, ಬೈಟ್ಸ್32. ನಿಮ್ಮ ಪ್ರೋಗ್ರಾಂ ಸ್ಟ್ರಿಂಗ್ ಎಂದು ಭಾವಿಸಿ ಮೊದಲ 32 ಬೈಟ್‌ಗಳನ್ನು ದತ್ತಾಂಶ ಎಲ್ಲಿದೆ ಎಂದು ಹೇಳುವ ಸಂಖ್ಯೆಯಾಗಿ ಓದುತ್ತದೆ. ಅಕ್ಷರಗಳು ಎಡ ತುದಿಯಲ್ಲಿರುವುದರಿಂದ ಆ ಸಂಖ್ಯೆ ಊಹೆಗೂ ಮೀರಿದಷ್ಟು ದೊಡ್ಡದಾಗುತ್ತದೆ. ಉತ್ತರ ಸರಿಯಾಗಿ 32 ಬೈಟ್ ಬಂದರೆ ಬೈಟ್ಸ್32 ಎಂದು ತಿಳಿದು, ಬಲಗಡೆಯ ಸೊನ್ನೆಗಳನ್ನು ಬಿಟ್ಟು ಓದಿ.

ಪ್ರಶ್ನೆ: ಫಂಕ್ಷನ್‌ಗಳನ್ನು ಬರೀ ನಾಲ್ಕು ಬೈಟ್‌ನಿಂದ ಗುರುತಿಸುತ್ತಾರೆ ಎಂದು ಓದಿದೆ. ಇಷ್ಟು ಹಣ ಓಡಾಡುವ ಕಡೆ ನಾಲ್ಕು ಬೈಟ್ ಸಾಕೇ? ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತನಾದವನು ನಾನು, ಅದಕ್ಕೇ ಈ ಭಯ.
ಓದುಗರು, ಉಡುಪಿ

ಉತ್ತರ: ನಿಮ್ಮ ಭಯಕ್ಕೆ ಕಾರಣವಿದೆ. ಟ್ರಾನ್ಸ್‌ಫರ್ ಫಂಕ್ಷನ್‌ನ ಹೆಸರು ಮತ್ತು ಅದು ತೆಗೆದುಕೊಳ್ಳುವ ಟೈಪ್‌ಗಳನ್ನು ಸೇರಿಸಿ ಬರೆದು ಕೆಕ್ಯಾಕ್ ಹ್ಯಾಶ್ ತೆಗೆದರೆ ಮೊದಲ ನಾಲ್ಕು ಬೈಟ್ ಎ9 05 9ಸಿ ಬಿಬಿ. ಹಣ ಕಳಿಸುವ ಕರೆಯಲ್ಲಿ ಮೊದಲು ಈ ನಾಲ್ಕು, ನಂತರ ವಿಳಾಸಕ್ಕೆ 32, ಮೊತ್ತಕ್ಕೆ 32, ಒಟ್ಟು 68 ಬೈಟ್. ನಾಲ್ಕು ಬೈಟ್‌ನಲ್ಲಿ ಸುಮಾರು 429 ಕೋಟಿ ಬೆಲೆಗಳಿವೆ. ಆಕಸ್ಮಿಕವಾಗಿ ಎರಡು ಹೊಂದುವುದು ಅಪರೂಪ, ಒಂದೇ ಕಾಂಟ್ರಾಕ್ಟ್ ಒಳಗೆ ಹೊಂದಿದರೆ ಕಂಪೈಲರ್ ತಡೆಯುತ್ತದೆ. ಬೇಕೆಂದೇ ಹುಡುಕುವವರಿಗೆ ಮಾತ್ರ 429 ಕೋಟಿ ದೊಡ್ಡ ಸಂಖ್ಯೆಯಲ್ಲ.

2021ರ ಆಗಸ್ಟ್ 10ರಂದು ಪಾಲಿ ನೆಟ್‌ವರ್ಕ್‌ನಲ್ಲಿ ಆದದ್ದು ಇದೇ. ಬೇರೆ ಬೇರೆ ಬ್ಲಾಕ್‌ಚೈನ್‌ಗಳ ನಡುವೆ ಹಣ ಸಾಗಿಸುವ ಸೇತುವೆ ಅದು. ಅದರ ಮುಖ್ಯ ಕಾಂಟ್ರಾಕ್ಟ್, ಹೊರಗಿನವರು ಬೈಟ್ಸ್ ರೂಪದಲ್ಲಿ ಕೊಟ್ಟ ಫಂಕ್ಷನ್ ಹೆಸರಿಗೆ ಸ್ಥಿರವಾದ ಟೈಪ್ ಪಟ್ಟಿಯನ್ನು ಅಂಟಿಸಿ, ಹ್ಯಾಶ್ ತೆಗೆದು, ಮೊದಲ ನಾಲ್ಕು ಬೈಟ್ ಇಟ್ಟುಕೊಂಡು, ಹೊರಗಿನವರು ಹೇಳಿದ ವಿಳಾಸಕ್ಕೇ ಕರೆ ಮಾಡುತ್ತಿತ್ತು. ವ್ಯವಹಾರಗಳನ್ನು ದೃಢೀಕರಿಸುವವರ ಕೀಲಿಗಳಿದ್ದ ಇನ್ನೊಂದು ಕಾಂಟ್ರಾಕ್ಟ್‌ನ ಒಡೆತನವೂ ಇದೇ ಕಾಂಟ್ರಾಕ್ಟ್‌ನದಾಗಿತ್ತು. ಕೀಲಿ ಬದಲಿಸುವ ಫಂಕ್ಷನ್‌ನ ಟೈಪ್ ಪಟ್ಟಿ ಬೇರೆ, ಆದ್ದರಿಂದ ಹೆಸರು ನೇರವಾಗಿ ಕೊಟ್ಟರೆ ಕೆಲಸವಾಗುತ್ತಿರಲಿಲ್ಲ. ದಾಳಿಕೋರ ಎಫ್1121318093 ಎಂಬ ಅರ್ಥವಿಲ್ಲದ ಹೆಸರೊಂದನ್ನು ಹುಡುಕಿ ತೆಗೆದ. ಆ ಸ್ಥಿರ ಪಟ್ಟಿ ಅಂಟಿಸಿದಾಗ ಅದರ ನಾಲ್ಕು ಬೈಟ್ ಕೀಲಿ ಬದಲಿಸುವ ಫಂಕ್ಷನ್‌ನ ನಾಲ್ಕು ಬೈಟ್‌ಗೆ ಸರಿಹೊಂದುತ್ತಿತ್ತು. ಕೀಲಿ ಅವನದಾಯಿತು. ಸುಮಾರು 61 ಕೋಟಿ ಡಾಲರ್ ಮೌಲ್ಯದ ಆಸ್ತಿ ಹೊರಹೋಯಿತು. ಅದರಲ್ಲಿ ಹೆಚ್ಚಿನದನ್ನು ಅವನೇ ಮರಳಿಸಿದ್ದು ಬೇರೆ ಮಾತು.

ನಾಲ್ಕನ್ನು ಎಂಟು ಬೈಟ್ ಮಾಡಿದ್ದರೆ ಈ ಹೆಸರು ಹುಡುಕುವುದು ಕಷ್ಟವಾಗುತ್ತಿತ್ತು, ಆದರೆ ಮೂಲ ದೋಷ ಉಳಿಯುತ್ತಿತ್ತು. ಅಧಿಕಾರವಿರುವ ಕಾಂಟ್ರಾಕ್ಟ್, ಯಾರಿಗೆ ಕರೆ ಮಾಡಬೇಕು, ಏನು ಮಾಡಿಸಬೇಕು ಎರಡನ್ನೂ ಹೊರಗಿನವರ ಬೈಟ್‌ಗಳಿಂದ ತೆಗೆದುಕೊಳ್ಳಬಾರದು. ನಿಮ್ಮ ಬ್ಯಾಂಕಿನಲ್ಲಿ ಖಾಲಿ ಕಾಗದಕ್ಕೆ ಮ್ಯಾನೇಜರ್ ಸಹಿ ಹಾಕುತ್ತಿರಲಿಲ್ಲ. ಅನುಮತಿಸಿದ ವಿಳಾಸ ಮತ್ತು ಫಂಕ್ಷನ್‌ಗಳ ಪಟ್ಟಿ ಕಾಂಟ್ರಾಕ್ಟ್‌ನಲ್ಲೇ ಇರಬೇಕು, ಬಂದ ಬೈಟ್‌ಗಳನ್ನು ಆ ಪಟ್ಟಿಯ ಎದುರು ನೋಡಬೇಕು.

ಪ್ರಶ್ನೆ: ಬೈಟ್ಸ್ ಆಗಿ ಬರುವ ಸಹಿಯನ್ನು ಅಸೆಂಬ್ಲಿ ಬಳಸದೆ ಬಿಡಿಸಬಹುದೇ? ಒಂದು ಸಲ ಬಳಸಿದ ಸಹಿಯನ್ನು ಮತ್ತೆ ಬಳಸದಂತೆ ಅದರ ಹ್ಯಾಶ್ ಅನ್ನು ಮ್ಯಾಪಿಂಗ್‌ನಲ್ಲಿ ಗುರುತು ಹಾಕುತ್ತಿದ್ದೇನೆ.
ಡೆವಲಪರ್, ಮಂಗಳೂರು

ಉತ್ತರ: ಬಿಡಿಸಬಹುದು. ಸಹಿ 65 ಬೈಟ್: ಆರ್‌ಗೆ 32, ಎಸ್‌ಗೆ 32, ವಿಗೆ ಒಂದು. ಅದನ್ನು ಮೆಮೊರಿಗೆ ತರದೆ ಕಾಲ್‌ಡೇಟಾದಲ್ಲೇ ಇಟ್ಟುಕೊಂಡರೆ 0.6.0ರಿಂದ ಇರುವ ಸ್ಲೈಸ್ ಸೌಲಭ್ಯ ಸಿಗುತ್ತದೆ. ಸೊನ್ನೆಯಿಂದ 32ರವರೆಗಿನ ತುಂಡು ಆರ್, 32ರಿಂದ 64ರವರೆಗಿನದು ಎಸ್, 64ನೆಯ ಬೈಟ್ ವಿ. ಮೆಮೊರಿಯಲ್ಲಿರುವ ಬೈಟ್ಸ್‌ಗೆ ಸ್ಲೈಸ್ ಇಲ್ಲ. ಬಿಡಿಸುವ ಮೊದಲು ಉದ್ದ 65 ಹೌದೇ ನೋಡಿ. ಸಹಿಯಿಂದ ಸಹಿದಾರರ ವಿಳಾಸ ಹೊರತೆಗೆಯುವ ಈಸಿರಿಕವರ್, ಸಹಿ ತಪ್ಪಾಗಿದ್ದರೆ ನಿಲ್ಲುವುದಿಲ್ಲ, ಸೊನ್ನೆ ವಿಳಾಸ ಕೊಡುತ್ತದೆ. ನಿಮ್ಮ ಕಾಂಟ್ರಾಕ್ಟ್‌ನಲ್ಲಿ ಸಹಿದಾರರ ವಿಳಾಸ ಇನ್ನೂ ಸೊನ್ನೆಯಾಗಿಯೇ ಇದ್ದರೆ ಯಾವ ಕೆಟ್ಟ ಸಹಿಯೂ ಪಾಸಾಗುತ್ತದೆ. ಆದ್ದರಿಂದ ಬಂದ ವಿಳಾಸ ಸೊನ್ನೆಯಲ್ಲ ಎಂಬ ಪರೀಕ್ಷೆ ತಪ್ಪದೆ ಇರಲಿ.

ನಿಮ್ಮ ಎರಡನೆಯ ಕ್ರಮ ಅಪಾಯದ್ದು. ಒಂದೇ ಸಂದೇಶಕ್ಕೆ ಒಂದೇ ಸಹಿದಾರರ ಹೆಸರಿನಲ್ಲಿ ಬೈಟ್‌ಗಳು ಬೇರೆಯಾದ ಇನ್ನೊಂದು ಸಹಿಯನ್ನು, ಖಾಸಗಿ ಕೀ ಇಲ್ಲದೆಯೇ, ಎಸ್ ಮತ್ತು ವಿಗಳನ್ನು ಗಣಿತದಿಂದ ಬದಲಿಸಿ ಮಾಡಬಹುದು. ಈಸಿರಿಕವರ್ ಎರಡನ್ನೂ ಒಪ್ಪುತ್ತದೆ. ಸಹಿಯನ್ನು 64 ಬೈಟ್‌ಗೆ ಒತ್ತಿ ಬರೆಯುವ ಇನ್ನೊಂದು ರೂಪವೂ ಇದೆ. ಓಪನ್‌ಜೆಪ್ಪೆಲಿನ್ ಲೈಬ್ರರಿ ಎರಡೂ ರೂಪಗಳನ್ನು ಒಂದೇ ಫಂಕ್ಷನ್‌ನಲ್ಲಿ ಒಪ್ಪುತ್ತಿದ್ದಾಗ ಇದೇ ಬಿರುಕು ಕಂಡುಬಂದು, 2022ರ 4.7.3 ಆವೃತ್ತಿಯಲ್ಲಿ ಅದನ್ನು ಸರಿಪಡಿಸಲಾಯಿತು. ಬೈಟ್ ಬದಲಾದರೆ ಹ್ಯಾಶ್ ಬದಲಾಯಿತು, ನಿಮ್ಮ ಮ್ಯಾಪಿಂಗ್‌ಗೆ ಅದು ಹೊಚ್ಚ ಹೊಸ ಸಹಿ, ಹಣ ಎರಡನೆಯ ಸಲ ಹೋಗುತ್ತದೆ. ಸಹಿಗೆ ಬದಲು ಸಂದೇಶಕ್ಕೆ ಗುರುತು ಹಾಕಿ. ಪ್ರತಿ ಸಂದೇಶದಲ್ಲೂ ಒಂದೇ ಸಲ ಬಳಸುವ ಒಂದು ನಾನ್ಸ್ ಸಂಖ್ಯೆ, ಚೈನ್ ಐಡಿ, ನಿಮ್ಮ ಕಾಂಟ್ರಾಕ್ಟ್‌ನ ವಿಳಾಸ ಸೇರಿಸಿ ಎಬಿಐ ಎನ್‌ಕೋಡ್ ಮಾಡಿ ಸಹಿ ಪಡೆಯಿರಿ, ಬಳಸಿದ ನಾನ್ಸ್ ಅನ್ನು ದಾಖಲಿಸಿ. ಆಮೇಲೆ ಸಾಲಿಡಿಟಿಯ ರೀಮಿಕ್ಸ್ ಎಡಿಟರ್‌ನಲ್ಲಿ 64, 65, 66 ಬೈಟ್‌ಗಳ ಮೂರು ಸಹಿ ಕೊಟ್ಟು, ಸರಿಯಾದ 65 ಬೈಟ್‌ನ ಸಹಿ ಮಾತ್ರ, ಅದೂ ಒಂದೇ ಸಲ, ಒಪ್ಪಿಗೆಯಾಗುವುದನ್ನು ನೋಡಿ ಮುಂದುವರಿಯಿರಿ.